ನೂರು ವರ್ಷದ ಶಾಲೆಯನ್ನು ಊರಿನ ವಾಚನಾಲಯ ಮಾಡುವುದು ಹೇಗೆ?

ಪ್ರಶ್ನೆ: ನಾನು ಓದಿ, ಮುಂದೆ ಅಲ್ಲೇ ಪಾಠ ಮಾಡಿ ನಿವೃತ್ತನಾದ ಸರ್ಕಾರಿ ಶಾಲೆಯ ಹಳೇ ಕಟ್ಟಡಕ್ಕೆ ನೂರು ವರ್ಷ ದಾಟಿದೆ. ಬಾಗಿಲ ಮೇಲಿನ ಕಲ್ಲಿನಲ್ಲಿ 1919 ಎಂದು ಕೆತ್ತಿದೆ. ನಮ್ಮದು ಹಾಸನ ಜಿಲ್ಲೆಯ ಒಂದು ಹೋಬಳಿ ಕೇಂದ್ರ. ಮಧ್ಯದಲ್ಲಿ ತಾರಸಿಯ ದೊಡ್ಡ ಹಾಲ್, ಎರಡೂ ಪಕ್ಕ ಹೆಂಚಿನ ಕೊಠಡಿಗಳು, ಮುಂದೆ ಕಂಬದ ಜಗಲಿ. ಎಂಟು ವರ್ಷದಿಂದ ಬೀಗ ಬಿದ್ದಿದೆ. ಮಕ್ಕಳು ಹಿಂದಿನ ಹೊಸ ಕಟ್ಟಡದಲ್ಲಿದ್ದಾರೆ. ಶಿಥಿಲವಾಗಿದೆ, ಕೆಡವಬೇಕು ಎಂಬ ಮಾತಿದೆ. ಹಳೇ ವಿದ್ಯಾರ್ಥಿಗಳು ಸೇರಿ 12 ಲಕ್ಷ ರೂಪಾಯಿ ಕೂಡಿಸಿದ್ದೇವೆ. ಊರಿಗೆ ಒಂದು ಗ್ರಂಥಾಲಯ, ನಾಲ್ಕು ಜನ ಸೇರಲು ಜಾಗ ಆಗಬೇಕೆಂಬ ಆಸೆ. ಕಂಟ್ರಾಕ್ಟರೊಬ್ಬರು ಹಳೇ ಗಾರೆ ಕಿತ್ತು ಸಿಮೆಂಟ್ ಪ್ಲಾಸ್ಟರ್, ಹೆಂಚು ತೆಗೆದು ಶೀಟು, ತಾರಸಿಯ ಮೇಲೆ ಕಾಂಕ್ರೀಟ್, ಒಳಗೆ ಫಾಲ್ಸ್ ಸೀಲಿಂಗ್, ನೆಲಕ್ಕೆ ಟೈಲ್ಸ್ ಎಂದು ಅಂದಾಜುಪಟ್ಟಿ ಕೊಟ್ಟಿದ್ದಾರೆ. ಒಪ್ಪಬಹುದೇ? ದಾನಿಗಳ ಹೆಸರಿನ ಕಲ್ಲಿಗೆ ವರ್ಷ ವರ್ಷ ಬಣ್ಣ ಬಳಿದು ಅಕ್ಷರವೇ ಕಾಣುತ್ತಿಲ್ಲ. ಅದಕ್ಕೇನು ಮಾಡುವುದು?

ಉತ್ತರ: ಮೇಷ್ಟ್ರೇ, ಆ ಅಂದಾಜುಪಟ್ಟಿಗೆ ಸಹಿ ಹಾಕಬೇಡಿ. ಅದರಲ್ಲಿರುವ ಐದು ಕೆಲಸಗಳಲ್ಲಿ ಒಂದೂ ನಿಮ್ಮ ಕಟ್ಟಡಕ್ಕೆ ಬೇಕಿಲ್ಲ. ಅದರಲ್ಲೂ ಸಿಮೆಂಟ್ ಪ್ಲಾಸ್ಟರ್ ಮತ್ತು ತಾರಸಿಯ ಮೇಲಿನ ಕಾಂಕ್ರೀಟ್ ನೂರು ವರ್ಷ ನಿಂತ ಕಟ್ಟಡವನ್ನು ಹತ್ತು ಹದಿನೈದು ವರ್ಷದಲ್ಲಿ ಹಾಳು ಮಾಡಬಲ್ಲವು. ಆ ಕಂಟ್ರಾಕ್ಟರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರು ಕಲಿತದ್ದು ಹೊಸ ಕಟ್ಟಡದ ಕೆಲಸ, ಅದನ್ನೇ ಇಲ್ಲಿಗೂ ತಂದಿದ್ದಾರೆ. ನಾವು ಇಂಜಿನಿಯರುಗಳೂ ಕಾಲೇಜಿನಲ್ಲಿ ಕಲಿತದ್ದು ಹೆಚ್ಚಾಗಿ ಸಿಮೆಂಟು ಮತ್ತು ಕಬ್ಬಿಣದ ವಿಚಾರವನ್ನೇ. ಸುಣ್ಣದ ವಿಚಾರ ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿ ಎಷ್ಟೋ ವರ್ಷದ ಮೇಲೆ, ಒಬ್ಬ ವಯಸ್ಸಾದ ಗಾರೆ ಮೇಸ್ತ್ರಿಯಿಂದ.

ಮೊದಲು ‘ಶಿಥಿಲ’ ಎಂಬ ಮಾತನ್ನು ನೋಡೋಣ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಮೈಸೂರಿನಲ್ಲಿ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದ ಹೊತ್ತಿನಲ್ಲಿ. 2022ರ ಅಕ್ಟೋಬರ್ ಮಳೆಯಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಒಂದು ಪಾರ್ಶ್ವ ಕುಸಿಯಿತು. ಹಳೇ ಕಟ್ಟಡದ ಮೇಲಿನ ಪ್ರೀತಿಯಿಂದ ಯಾರ ಜೀವಕ್ಕೂ ಕುತ್ತು ಬರಬಾರದು. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಬೀಗ ಹಾಗೇ ಇರಲಿ. ಜಗಲಿಯ ಸುತ್ತ ಹಗ್ಗ ಕಟ್ಟಿ, ಮಕ್ಕಳು ಅಲ್ಲಿ ಆಡದಂತೆ ನೋಡಿಕೊಳ್ಳಿ.

ಆದರೆ ಶಿಥಿಲ ಎಂದವರನ್ನು ಯಾವ ಗೋಡೆ, ಎಷ್ಟು ವಾಲಿದೆ, ಯಾವ ತೊಲೆ, ಏನಾಗಿದೆ ಎಂದು ಬರವಣಿಗೆಯಲ್ಲಿ ಕೇಳಿ. ನಾನು ನೋಡಿದ ಎಷ್ಟೋ ವರದಿಗಳಲ್ಲಿ ಇರುವುದು ಒಂದೇ ಸಾಲು: ‘ಕಟ್ಟಡವು ಬಹಳ ಹಳೆಯದಾಗಿದ್ದು ಬಳಕೆಗೆ ಯೋಗ್ಯವಲ್ಲ’. ವಯಸ್ಸು ಒಂದು ರೋಗವಲ್ಲ. ಗೋಡೆಯ ಪಾಯ ಕುಸಿದಿದ್ದರೆ ಅದು ರೋಗ. ಮಾಡಿನ ನೀರು ಗೋಡೆಯೊಳಗೆ ಇಳಿಯುತ್ತಿದ್ದರೆ ಅದು ರೋಗ. ಎರಡನ್ನೂ ಕಣ್ಣಾರೆ ಕಂಡುಹಿಡಿಯಬಹುದು, ಹೆಚ್ಚಿನ ಸಲ ಗುಣಪಡಿಸಲೂಬಹುದು.

ಬಿರುಕುಗಳಿಂದ ಶುರು ಮಾಡಿ. ಪ್ರತಿ ಬಿರುಕಿಗೂ ಅಡ್ಡಲಾಗಿ ತೆಳುವಾದ ಒಂದು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಅಂಟು ಹಾಕಿ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಕೆಳಗಿನ ಗಾರೆ ಪೊಳ್ಳಾಗಿದ್ದರೆ ಅಷ್ಟು ಜಾಗದಲ್ಲಿ ಅದನ್ನು ಕೆರೆದು, ಕಲ್ಲು ಅಥವಾ ಇಟ್ಟಿಗೆಗೇ ಅಂಟಿಸಬೇಕು. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಗಾಜು ಒಡೆಯದಿದ್ದರೆ ಆ ಬಿರುಕು ಎಂದೋ ಬಿದ್ದು ನಿಂತದ್ದು, ತುಂಬಿದರೆ ಸಾಕು. ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ. ಬಿರುಕು ಮೇಲೆ ಅಗಲವಾಗಿ ಕೆಳಗೆ ಕಿರಿದಾಗಿದ್ದರೆ ಗೋಡೆಯ ತುದಿ ಕೂರುತ್ತಿದೆ ಇಲ್ಲವೇ ಹೊರಕ್ಕೆ ವಾಲುತ್ತಿದೆ ಎಂದು ಅನುಮಾನಿಸಬೇಕು. ತೂಗುಗುಂಡು ಇಳಿಬಿಟ್ಟು ಮೂಲೆ ಮೂಲೆಯನ್ನೂ ಅಳೆಯಿರಿ. ಈ ಲೆಕ್ಕ ಬರೆದಿಡಲು ನಿಮ್ಮ ಶಾಲೆಯ ಏಳನೇ ತರಗತಿಯ ಮಕ್ಕಳಿಗಿಂತ ಒಳ್ಳೆಯ ಸಹಾಯಕರು ಸಿಗಲಾರರು. ಅವರು ಹೊರಗೆ ನಿಂತು ಬರೆದುಕೊಳ್ಳಲಿ, ಒಳಗೆ ದೊಡ್ಡವರು ಹೋಗಲಿ.

ಆಮೇಲೆ ತೊಲೆಗಳು. ಎಲ್ಲರೂ ತೊಲೆಯ ನಡುವನ್ನು ನೋಡಿ ‘ಗಟ್ಟಿ ಮರ, ಏನೂ ಆಗಿಲ್ಲ’ ಎನ್ನುತ್ತಾರೆ. ತೊಲೆ ಕೆಡುವುದು ತುದಿಯಲ್ಲಿ, ಗೋಡೆಯೊಳಗೆ ಹೂತ ಆ ಒಂದು ಅಡಿಯಲ್ಲಿ. ಗೋಡೆಯ ತೇವ ಅಲ್ಲಿಗೆ ತಲುಪುತ್ತದೆ, ಗಾಳಿಯಾಡುವುದಿಲ್ಲ, ಗೆದ್ದಲಿಗೂ ಅದೇ ದಾರಿ. ಒಂದು ಸ್ಕ್ರೂಡ್ರೈವರ್ ಹಿಡಿದು ಪ್ರತಿ ತುದಿಯನ್ನೂ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಅದರ ಕೆಳಗೆ ಅಂದೇ ಒಂದು ಊರೆ (ಆಸರೆಯ ಕಂಬ) ಕೊಡಿಸಿ. ಇಡೀ ತೊಲೆ ಬದಲಿಸಬೇಕೆಂದೇನೂ ಇಲ್ಲ. ಕೊಳೆತ ಭಾಗವನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಒಣಮರ ಜೋಡಿಸಿ ಎರಡೂ ಬದಿ ಪಟ್ಟಿ ಹಾಕಿ ಬೋಲ್ಟ್ ಬಿಗಿಯಬಹುದು. ಎಷ್ಟು ಉದ್ದ, ಎಷ್ಟು ಬೋಲ್ಟ್ ಎಂಬುದನ್ನು ಮಾತ್ರ ಹಳೇ ಕಟ್ಟಡದ ಅನುಭವವಿರುವ ಸ್ಟ್ರಕ್ಚರಲ್ ಇಂಜಿನಿಯರೇ ಲೆಕ್ಕ ಹಾಕಿ ಹೇಳಬೇಕು. ಆ ಒಬ್ಬರ ಫೀಸಿಗೆ ನಿಮ್ಮ 12 ಲಕ್ಷದಲ್ಲಿ ಮೊದಲೇ ಹಣ ತೆಗೆದಿಡಿ. ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಶಾಖೆಗಳು ಕರ್ನಾಟಕದ ಹಲವು ಊರುಗಳಲ್ಲಿವೆ, ಅಂಥವರ ಹೆಸರು ಅಲ್ಲಿ ಸಿಗುತ್ತದೆ.

ಈಗ ಗೋಡೆಗೆ ಬರೋಣ. ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾಯ್ದೆ ತಂದದ್ದು 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ನಿಮ್ಮ ಶಾಲೆ ಎದ್ದದ್ದು ಅದಾಗಿ ಆರು ವರ್ಷಕ್ಕೆ. ಪೋರಬಂದರಿನಲ್ಲಿ ಸಿಮೆಂಟು ತಯಾರಾಗತೊಡಗಿದ್ದೇ 1914ರಲ್ಲಿ. ಹಾಸನದ ಒಂದು ಹೋಬಳಿಗೆ 1919ರಲ್ಲಿ ಅದು ಬಂದಿರುವ ಸಂಭವ ತೀರಾ ಕಡಿಮೆ. ನಿಮ್ಮ ಗೋಡೆಗಳನ್ನು ಕಟ್ಟಿರುವುದು ಸುಣ್ಣದಲ್ಲಿ ಅಥವಾ ಒಳಗೆ ಮಣ್ಣು, ಮೇಲೆ ಸುಣ್ಣದ ಗಾರೆ ಎಂಬ ಕ್ರಮದಲ್ಲಿ. ಬಾಗಿಲ ಚೌಕಟ್ಟಿನ ಪಕ್ಕ ಗಾರೆ ಉದುರಿದ ಕಡೆ ನೋಡಿದರೆ ತಿಳಿಯುತ್ತದೆ. ಒಂದು ಹಿಡಿ ಹಳೇ ಗಾರೆಯನ್ನು ಪುಡಿ ಮಾಡಿ ಪ್ರೌಢಶಾಲೆಯ ಲ್ಯಾಬಿನಲ್ಲಿ ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿಸಿ. ಸುಣ್ಣ ನೊರೆಯೆದ್ದು ಕರಗಿ, ಮರಳು, ಇಟ್ಟಿಗೆ ಪುಡಿ ತಳದಲ್ಲಿ ಉಳಿಯುತ್ತವೆ. ತೂಕ ಮಾಡಿದರೆ ಅಂದಿನ ಮೇಸ್ತ್ರಿ ಹಾಕಿದ ಪಾಕ ಹೆಚ್ಚುಕಡಿಮೆ ಕೈಗೆ ಸಿಗುತ್ತದೆ.

ಇಂಥ ಗೋಡೆಗೆ ಕೆಳಗಡೆ ಡಾಂಬರು ಪದರವಿಲ್ಲ, ತೇವ ತಡೆಯುವ ಯಾವ ಏರ್ಪಾಡೂ ಇಲ್ಲ. ನೆಲದ ತೇವ ಮೇಲೇರುತ್ತದೆ, ಸುಣ್ಣದ ಗಾರೆಯ ಸಣ್ಣ ಸಣ್ಣ ರಂಧ್ರಗಳಿಂದ ಆವಿಯಾಗಿ ಹೊರಟುಹೋಗುತ್ತದೆ. ಬಂದಷ್ಟೂ ಹೋಗುತ್ತಿರುವುದರಿಂದ ಗೋಡೆ ಸಮಸ್ಥಿತಿಯಲ್ಲಿರುತ್ತದೆ. ಇದರ ಮೇಲೆ ಸಿಮೆಂಟ್ ಬಳಿದರೆ ಬರುವ ದಾರಿ ತೆರೆದೇ ಇದ್ದು ಹೋಗುವ ದಾರಿ ಮುಚ್ಚಿಹೋಗುತ್ತದೆ. ತೇವ ಇನ್ನೂ ಮೇಲೇರಿ ಸಿಮೆಂಟ್ ಎಲ್ಲಿ ಮುಗಿಯುತ್ತದೋ ಅಲ್ಲಿ ಹೊರಬೀಳಲು ನೋಡುತ್ತದೆ. ನೀರಿನ ಜೊತೆ ಬಂದ ಉಪ್ಪು ಒಳಗೇ ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ತಾಲ್ಲೂಕು ಕೇಂದ್ರದ ಹಳೇ ಶಾಲೆಗೆ ನನ್ನನ್ನು ಕರೆದಿದ್ದರು. ನಾಲ್ಕು ವರ್ಷದ ಹಿಂದಷ್ಟೇ ‘ನವೀಕರಣ’ವಾಗಿತ್ತು. ಹೊರಗಿನಿಂದ ನೋಡಲು ಥಳಥಳ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಗೋಡೆಯುದ್ದಕ್ಕೂ ಪೊಳ್ಳು ಸದ್ದು. ಒಂದು ಕಡೆ ಬಿಡಿಸಿದೆವು. ಸಿಮೆಂಟು ಹಪ್ಪಳದ ಹಾಗೆ ಒಂದಾಳು ಅಗಲ ಎದ್ದು ಬಂತು, ಹಿಂದೆ ಒದ್ದೆ ಮಣ್ಣು, ಅದರ ಮೇಲೆ ಬಿಳಿ ಉಪ್ಪು. ಎಂಟು ತೊಲೆಗಳಲ್ಲಿ ಐದರ ತುದಿ ಕೈಯಲ್ಲಿ ಹಿಸುಕಿದರೆ ಉದುರುವಂತಾಗಿದ್ದವು. ನವೀಕರಣಕ್ಕೆ ಮೊದಲು ತೆಗೆದಿದ್ದ ಫೋಟೋಗಳನ್ನು ತೋರಿಸಿದರು. ಗೋಡೆ ಒಣಗಿತ್ತು, ತೊಲೆಗಳು ನೆಟ್ಟಗಿದ್ದವು. ಬಣ್ಣ ಮಾಸಿದ್ದಷ್ಟೇ ಆ ಕಟ್ಟಡದ ತೊಂದರೆಯಾಗಿತ್ತು. ಆ ಊರಿನವರೂ ನಿಮ್ಮಂತೆಯೇ ಪ್ರೀತಿಯಿಂದ ಹಣ ಕೂಡಿಸಿದ್ದವರು. ಅಂದು ಅವರ ಮುಖ ನೋಡಲು ನನಗೆ ಕಷ್ಟವಾಯಿತು. ಈ ಉತ್ತರವನ್ನು ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಹಾಗಾದರೆ ಮೊದಲ ಖರ್ಚು ಯಾವುದು? ನೀರು. ಕಟ್ಟಡದ ಸುತ್ತ ಒಂದು ಸುತ್ತು ಬನ್ನಿ, ಆದರೆ ಜೋರು ಮಳೆಯಲ್ಲಿ, ಕೊಡೆ ಹಿಡಿದು. ಮುಂದಿನ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಎತ್ತರವಾಗಿ, ನೀರು ಈಗ ಶಾಲೆಯ ಅಂಗಳಕ್ಕೆ ಬರುತ್ತಿರಬಹುದು. ಹೊಸ ಕಟ್ಟಡ ಕಟ್ಟಿದಾಗ ತೆಗೆದ ಮಣ್ಣನ್ನು ಹಳೇ ಗೋಡೆಯ ಬುಡಕ್ಕೆ ಸುರಿದಿರಬಹುದು. ಇದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಮಣ್ಣನ್ನು ಮೂಲ ಮಟ್ಟಕ್ಕೆ ತೆಗೆಸಿ. ಗೋಡೆಯಿಂದ ಹೊರಕ್ಕೆ ಇಳಿಜಾರು ಕೊಡಿ. ಸೂರಿನ ನೀರು ಬೀಳುವ ಜಾಗದ ಆಚೆ ಒಂದು ಚರಂಡಿ ತೋಡಿ ಊರ ಮೋರಿಗೆ ಸೇರಿಸಿ. ಬುಡದ ಸುತ್ತ ಸಿಮೆಂಟ್ ಚಪ್ಪಡಿ ಹಾಸಿ ಮುಚ್ಚುವ ಆಸೆ ಬರುತ್ತದೆ, ಹಾಸಬೇಡಿ. ಜಲ್ಲಿ ಹಾಕಿ, ನೆಲ ಉಸಿರಾಡಲಿ. ಗೋಡೆಯಲ್ಲಿ ಅರಳಿ ಗಿಡ ಹುಟ್ಟಿದ್ದರೆ ಎಳೆದು ಕೀಳಬೇಡಿ, ಕಲ್ಲೂ ಜೊತೆಗೇ ಬರುತ್ತದೆ. ಕತ್ತರಿಸಿ, ಬೇರನ್ನು ಸಾಯಿಸಿ, ಆಮೇಲೆ ಆ ಭಾಗ ಬಿಚ್ಚಿ ಮರಳಿ ಕಟ್ಟಬೇಕು. ತಾರಸಿಯ ಮೇಲೆ ಯಾರಾದರೂ ಸಾವಿರ ಲೀಟರಿನ ಟ್ಯಾಂಕ್ ಇಟ್ಟಿದ್ದರೆ ಮೊದಲು ಇಳಿಸಿ. ತುಂಬಿದರೆ ಅದು ಒಂದು ಟನ್ ಭಾರ.

ಪಕ್ಕದ ಕೊಠಡಿಗಳ ಹೆಂಚನ್ನು ಶೀಟಿಗೆ ಬದಲಾಯಿಸುವ ಮಾತು ಬಿಡಿ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಹೆಂಚು ನಾಡಿನುದ್ದಕ್ಕೂ ಶಾಲೆ, ಕಚೇರಿ, ರೈಲು ನಿಲ್ದಾಣಗಳ ಮೇಲೇರಿತು. ಒಂದು ಒಡೆದರೆ ಒಂದನ್ನು ಬದಲಿಸಬಹುದಾದ ಮಾಡು ಇದು. ಶೀಟಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಯಾರೂ ಕೂರಲಾರರು, ಮಳೆ ಬಂದರೆ ಪಕ್ಕದವರ ಮಾತು ಕೇಳಿಸದು. ಹೆಂಚುಗಳನ್ನೆಲ್ಲ ಇಳಿಸಿ, ತೊಳೆದು, ಒಂದೊಂದನ್ನೂ ಬೆರಳಿನ ಗಿಣ್ಣಿನಿಂದ ತಟ್ಟಿ ನೋಡಿ. ಠಣ್ ಎಂದರೆ ಇನ್ನೊಂದು ಕಾಲ ಬಾಳುತ್ತದೆ, ಬೊದ್ದು ಸದ್ದು ಬಂದರೆ ಸೀಳಿದೆ. ಕಡಿಮೆ ಬಿದ್ದದ್ದನ್ನು ಹಳೇ ಮನೆ ಕೆಡವುವ ಕಡೆಯಿಂದ ತನ್ನಿ. ಅಡಿಯಲ್ಲಿ ಅಚ್ಚು ಹಾಕಿದ ಕಾರ್ಖಾನೆಯ ಹೆಸರು ನೋಡಿ ಒಂದೇ ಅಚ್ಚಿನವನ್ನು ಒಂದೇ ಇಳಿಜಾರಿಗೆ ಹಾಕಿದರೆ ಅವು ಒಂದಕ್ಕೊಂದು ಕಚ್ಚಿ ಕೂರುತ್ತವೆ. ಕೆಟ್ಟಿರುವುದು ಹೆಚ್ಚಾಗಿ ಹೆಂಚಲ್ಲ, ಅದರಡಿಯ ರೀಪುಗಳು. ಅವನ್ನು ಬದಲಿಸಿ, ಬೋರಾಕ್ಸ್ ದ್ರಾವಣ ಬಳಿದು ಒಣಗಿಸಿ ಹಾಕಿಸಿ.

ಹಾಲ್‌ನ ತಾರಸಿ ಸೂಕ್ಷ್ಮದ ವಿಷಯ. ನೀವು ಬರೆದದ್ದನ್ನು ನೋಡಿದರೆ ಅದು ಮದ್ರಾಸ್ ತಾರಸಿ. ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ತೆಳುವಾದ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಸುಣ್ಣದಲ್ಲಿ ಕೂರಿಸಿರುತ್ತಾರೆ. ಅದರ ಮೇಲೆ ಸುಮಾರು 3 ಅಂಗುಲ ಇಟ್ಟಿಗೆ ಚೂರು ಮತ್ತು ಸುಣ್ಣದ ಗಚ್ಚು, ಎಲ್ಲಕ್ಕೂ ಮೇಲೆ ಚಪ್ಪಟೆ ಬಿಲ್ಲೆಗಳು. ಆ ಗಚ್ಚನ್ನು ಹೆಂಗಸರು ಸಾಲಾಗಿ ಕೂತು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ, ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಕೊಡತಿ ಪುಟಿದು ವಾಪಸು ಬರುವವರೆಗೆ ಬಡಿಯಬೇಕು ಎಂಬುದು ಲೆಕ್ಕ. ನಿಮ್ಮ ಊರಿನಲ್ಲಿ ಎಂಬತ್ತು ದಾಟಿದ ಅಜ್ಜಿಯರನ್ನು ಕೇಳಿ ನೋಡಿ, ಆ ಕೆಲಸ ಕಂಡವರು ಇನ್ನೂ ಇರಬಹುದು.

ಇದರ ಮೇಲೆ ಕಾಂಕ್ರೀಟ್ ಹಾಕಿದರೆ ಏನಾಗುತ್ತದೆ ಎಂಬುದನ್ನು ಲೆಕ್ಕವೇ ಹೇಳುತ್ತದೆ. ಹಾಲ್ 25 ಅಡಿಗೆ 20 ಅಡಿ ಎಂದಿಟ್ಟುಕೊಳ್ಳಿ, 500 ಚದರಡಿ. ಬರೀ 2 ಅಂಗುಲದ ಸಿಮೆಂಟ್ ಗಾರೆ ಎಂದರೂ ಸುಮಾರು 5 ಟನ್. ಆ ಜಂತೆಗಳನ್ನು ಆರಿಸಿದವನು ಈ ಭಾರ ಎಣಿಸಿರಲಿಲ್ಲ. ಸೋರಿಕೆಯಾದಾಗಲೆಲ್ಲ ಹಿಂದಿನವರು ಒಂದೊಂದು ಪದರ ಹಾಕುತ್ತಾ ಬಂದಿರುವುದೂ ಉಂಟು. ಹಾಗಿದ್ದರೆ ನಿಮ್ಮ ಕೆಲಸ ಭಾರ ಇಳಿಸುವುದು. ಕೆಳಗೆ ಊರೆ ಕೊಟ್ಟು, ಮೇಲಿನ ಸಿಮೆಂಟ್ ಪದರಗಳನ್ನು ಕೈಯಿಂದ, ಚಾಣ ಸುತ್ತಿಗೆಯಿಂದ ಬಿಡಿಸಬೇಕು. ಯಂತ್ರ ಬೇಡ, ಅದರ ಅದುರುವಿಕೆಗೆ ಓರೆ ಇಟ್ಟಿಗೆಗಳು ಸಡಿಲವಾಗುತ್ತವೆ. ಹಳೇ ಬಿಲ್ಲೆಗಳ ಸಂದುಗಳನ್ನು ಸುಣ್ಣ ಮತ್ತು ಸುರ್ಕಿಯಿಂದ, ಅಂದರೆ ಹದವಾಗಿ ಸುಟ್ಟ ಇಟ್ಟಿಗೆಯ ಪುಡಿಯಿಂದ ತುಂಬಿ, ನೀರು ಹೊರಹೋಗುವ ದೋಣಿಗಳನ್ನು ದೊಡ್ಡದು ಮಾಡಿ. ಎಷ್ಟೋ ತಾರಸಿಗಳು ಸೋರುವುದು ದೋಣಿಗೆ ಎಲೆ ಕಟ್ಟಿಕೊಂಡು ನೀರು ನಿಂತದ್ದರಿಂದ. ಫಾಲ್ಸ್ ಸೀಲಿಂಗ್ ಹಾಕಿದರೆ ಸೋರಿಕೆಯೂ ಗೆದ್ದಲೂ ಕಣ್ಣಿಗೆ ಬೀಳದಂತೆ ಮುಚ್ಚಿಟ್ಟ ಹಾಗೆ, ಬಿಸಿಗಾಳಿ ಮೇಲೇರಿ ಗವಾಕ್ಷಿಯಿಂದ ಹೋಗುವ ದಾರಿಯೂ ಕಟ್ಟಿದ ಹಾಗೆ.

ಗೋಡೆಯ ಗಾರೆಯನ್ನು ಪೂರ್ತಿ ಕೀಳಿಸಬೇಡಿ. ತಟ್ಟಿ ನೋಡಿ, ಪೊಳ್ಳಾದ ಭಾಗ ಮಾತ್ರ ತೆಗೆಯಿರಿ. ಪಾರಂಪರಿಕ ತಾಣಗಳ ರಕ್ಷಣೆಗೆ ಮಾರ್ಗಸೂಚಿಯಾದ ಆಸ್ಟ್ರೇಲಿಯಾದ ಬರ್ರಾ ಸನ್ನದು ಹಳೇ ಕಟ್ಟಡದ ಕೆಲಸಕ್ಕೆ ಒಂದು ನಿಯಮ ಕೊಟ್ಟಿದೆ: ಅಗತ್ಯವಿದ್ದಷ್ಟು ಮಾಡು, ಆದಷ್ಟು ಕಡಿಮೆ ಮಾಡು. ನಮ್ಮ ಮೇಸ್ತ್ರಿ ಅದನ್ನೇ ‘ಗಟ್ಟಿ ಇರೋದನ್ನ ಮುಟ್ಟಬ್ಯಾಡಿ ಸ್ವಾಮಿ’ ಎನ್ನುತ್ತಿದ್ದ. ಹೊಸ ಗಾರೆಗೆ ಸುಟ್ಟ ಸುಣ್ಣದ ಹೆಂಟೆಗಳನ್ನೇ ತರಿಸಿ. ನೀರಿಗೆ ಹಾಕಿದರೆ ಕುದಿದು ಬಿರಿಯಬೇಕು, ಸುಮ್ಮನೆ ಕೂತರೆ ಅದು ಹಳಸಿದ ಸುಣ್ಣ. ಕುದಿಯುವ ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ, ಕನ್ನಡಕ ಕಡ್ಡಾಯ. ಅರಳಿಸಿ, ಸೋಸಿ, ಗುಂಡಿಯಲ್ಲಿ ನೀರಿನಡಿ ಕನಿಷ್ಠ ಕೆಲವು ವಾರ ಬಿಡಿ, ತಿಂಗಳುಗಳೇ ಆದರೆ ಇನ್ನೂ ಒಳ್ಳೆಯದು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸಾಮಾನ್ಯ ಲೆಕ್ಕ. ತೇವವಿರುವ ಬುಡದಲ್ಲಿ ಮರಳಿನ ಒಂದಷ್ಟು ಭಾಗಕ್ಕೆ ಸುರ್ಕಿ ಹಾಕಿದರೆ ಗಾರೆ ಒದ್ದೆಯಲ್ಲೂ ಗಟ್ಟಿಯಾಗುತ್ತದೆ. ಬೇಗ ಸೆಟ್ ಆಗಲಿ ಎಂದು ಯಾರಾದರೂ ಒಂದು ಬಾಂಡ್ಲಿ ಸಿಮೆಂಟ್ ಸೇರಿಸಲು ಬಂದರೆ ಕೆಲಸ ನಿಲ್ಲಿಸಿ.

ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುವುದು ನಿಧಾನ. ಬಿಸಿಲಿಗೆ ಥಟ್ಟನೆ ಒಣಗಿದರೆ ಪುಡಿಯಾಗುತ್ತದೆ, ಮಳೆ ಹೊಡೆದರೆ ತೊಳೆದುಹೋಗುತ್ತದೆ. ಹಾಸನದ ಕಡೆ ದೀಪಾವಳಿ ಕಳೆದು ಮಳೆ ಹಿಂದೆ ಸರಿದ ಮೇಲೆ ಶುರು ಮಾಡಿ, ಫೆಬ್ರುವರಿಯೊಳಗೆ ಗೋಡೆ ಕೆಲಸ ಮುಗಿಸಿ. ಒದ್ದೆ ಗೋಣಿಚೀಲ ಇಳಿಬಿಟ್ಟು ತೇವ ಕಾಪಾಡಿ. ಕೊನೆಗೆ ಬಳಿಯುವುದೂ ಸುಣ್ಣವೇ, ಡಿಸ್ಟೆಂಪರ್ ಎನಾಮಲ್ ಬೇಡ. ಬಣ್ಣ ಬೇಕೆಂದರೆ ಕಾವಿ ಬೆರೆಸಿ. ನೆಲದಲ್ಲಿ ಕಲ್ಲು ಚಪ್ಪಡಿಗಳಿದ್ದರೆ ಅವನ್ನು ಎಬ್ಬಿಸಿ ಮಟ್ಟ ಮಾಡಿ ಮರಳಿ ಕೂರಿಸಿದರೆ ಸಾಕು, ಟೈಲ್ಸ್ ಹಾಕಿದರೆ ನೆಲದ ತೇವವೆಲ್ಲ ಗೋಡೆಯ ಕಡೆ ತಿರುಗುತ್ತದೆ.

ಇನ್ನು ಬಳಕೆ. ಕೊಠಡಿಗಳಿಗೆ ತಕ್ಕ ಬಳಕೆ ಹುಡುಕಿ, ಬಳಕೆಗೆ ತಕ್ಕಂತೆ ಕೊಠಡಿ ಒಡೆಯಬೇಡಿ. ‘ಎರಡು ಕೊಠಡಿ ನಡುವಿನ ಗೋಡೆ ತೆಗೆದರೆ ದೊಡ್ಡ ಹಾಲ್ ಆಗುತ್ತದೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಗೋಡೆ ಮಾಡನ್ನು ಹೊತ್ತಿದೆ. ಮದುವೆ ಛತ್ರ ಮಾಡಿದರೆ ಆದಾಯ ಬರುತ್ತದೆ ಎಂಬ ಸಲಹೆಯೂ ಬರುತ್ತದೆ. ಅಡುಗೆ ಹೊಗೆ, ನೂರಾರು ಲೀಟರು ನೀರು, ಧ್ವನಿವರ್ಧಕ, ಶಾಮಿಯಾನ ಕಟ್ಟಲು ಕಂಬಕ್ಕೆ ಮೊಳೆ, ಒಂದೇ ಹೊತ್ತಿಗೆ ನಾನೂರು ಜನ, ಪಕ್ಕದಲ್ಲಿ ಮಕ್ಕಳ ಪಾಠ. ದಯವಿಟ್ಟು ಬೇಡ ಎನ್ನಿ.

ಮ್ಯೂಸಿಯಂ ಆಸೆಯನ್ನೂ ನಾನು ತಡೆಯುತ್ತೇನೆ. ಗಾಂಧೀಜಿ ಓದಿದ ರಾಜ್‌ಕೋಟ್‌ನ ಆಲ್‌ಫ್ರೆಡ್ ಹೈಸ್ಕೂಲು 1853ರಲ್ಲಿ ಶುರುವಾಗಿ 164 ವರ್ಷ ಪಾಠ ಹೇಳಿ 2017ರಲ್ಲಿ ಮುಚ್ಚಿತು. ಮರುವರ್ಷ ಅದೇ ಕಟ್ಟಡ ಗಾಂಧಿ ಮ್ಯೂಸಿಯಂ ಆಗಿ ತೆರೆಯಿತು. ಅಲ್ಲಿಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ, ಅದನ್ನು ನಡೆಸಲು ಆಡಳಿತವಿದೆ. ಹೋಬಳಿಯ ಮ್ಯೂಸಿಯಂಗೆ ಮೊದಲ ತಿಂಗಳು ಊರೆಲ್ಲ ಬರುತ್ತದೆ, ಆಮೇಲೆ ಬೀಗ. ಹಳೇ ಕಟ್ಟಡಕ್ಕೆ ಬೀಗದಷ್ಟು ಕೆಟ್ಟದ್ದು ಬೇರೆ ಇಲ್ಲ. ದಿನಾ ಕಿಟಕಿ ತೆರೆಯುವ, ಸೋರಿದರೆ ಅಂದೇ ಕಾಣುವ ಬಳಕೆ ಬೇಕು. ಅದಕ್ಕೇ ನಿಮ್ಮ ವಾಚನಾಲಯದ ಆಲೋಚನೆ ನನಗೆ ತುಂಬ ಹಿಡಿಸಿತು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ನಿಮ್ಮ ಪಂಚಾಯಿತಿಯ ಅರಿವು ಕೇಂದ್ರ ಇಕ್ಕಟ್ಟಿನಲ್ಲಿದ್ದರೆ ಅದನ್ನು ಇಲ್ಲಿಗೆ ತರಲು ಕೇಳಿ. ಮೇಲ್ವಿಚಾರಕರು, ಪುಸ್ತಕ, ದಿನಪತ್ರಿಕೆ ಒಟ್ಟಿಗೇ ಬರುತ್ತವೆ. ಶಾಲೆಯ ಹಳೇ ಹಾಜರಿ ಪುಸ್ತಕಗಳು, ಗ್ರೂಪ್ ಫೋಟೋಗಳು ಒಂದು ಗೋಡೆಯ ಮೇಲಿದ್ದರೆ ಮ್ಯೂಸಿಯಂ ಆಸೆಯೂ ತೀರುತ್ತದೆ.

ಪುಸ್ತಕದ ಭಾರ ಮರೆಯಬೇಡಿ. ನಮ್ಮ ಐಎಸ್ 875 ಮಾನಕದ ಪ್ರಕಾರ ತರಗತಿಯ ನೆಲಕ್ಕೆ ಚದರ ಮೀಟರಿಗೆ ಸುಮಾರು 300 ಕೆ.ಜಿ. ಭಾರ ಹಿಡಿದರೆ, ಪುಸ್ತಕದ ರ‍್ಯಾಕ್‌ಗಳಿರುವ ಕೋಣೆಗೆ ಸುಮಾರು 600 ಕೆ.ಜಿ. ಹಿಡಿಯಬೇಕು. ನಿಮ್ಮದು ನೆಲಮಟ್ಟದ ಕಟ್ಟಡವಾದ್ದರಿಂದ ತೊಂದರೆಯಿಲ್ಲ, ಆದರೆ ಅಟ್ಟದ ಮೇಲೆ ಹಳೇ ಪುಸ್ತಕ ಏರಿಸಬೇಡಿ. ರ‍್ಯಾಕ್ ಗೋಡೆಗೆ ತಾಗದಂತೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ, ಗಾಳಿಯಾಡಿದರೆ ಬೂಷ್ಟು ಹಿಡಿಯುವುದು ಕಡಿಮೆ.

ಸಾರ್ವಜನಿಕ ಬಳಕೆ ಎಂದ ಮೇಲೆ ಗಾಲಿಕುರ್ಚಿಯವರೂ ಊರುಗೋಲಿನ ಅಜ್ಜನೂ ಬರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಕಟ್ಟಡದವರ ಹೊಣೆ ಎಂದೇ ಹೇಳುತ್ತದೆ. ರ‍್ಯಾಂಪಿನ ಇಳಿಜಾರು 12ಕ್ಕೆ 1. ಜಗಲಿ ಎರಡೂವರೆ ಅಡಿ ಎತ್ತರವಿದ್ದರೆ ರ‍್ಯಾಂಪ್ 30 ಅಡಿ ಉದ್ದವಾಗಬೇಕು. ಮುಂದಿನ ಮೆಟ್ಟಿಲು ಒಡೆಯದೆ ಪಕ್ಕದಿಂದ ತನ್ನಿ, ಹಳೇ ಗೋಡೆಗೆ ಅಂಟಿಸದೆ ಬಿಡಿಯಾಗಿ ನಿಲ್ಲಿಸಿ. ಶೌಚಾಲಯ ಹಳೇ ಕಟ್ಟಡದೊಳಗೆ ಖಂಡಿತ ಬೇಡ, ಹತ್ತಾರು ಅಡಿ ದೂರ ಪ್ರತ್ಯೇಕ ಕಟ್ಟಿ. ವೈರಿಂಗ್ ಪೂರ್ತಿ ಹೊಸದಾಗಬೇಕು, ಆದರೆ ಗೋಡೆ ಕೊರೆದು ಪೈಪ್ ಹೂಳದೆ ಮೇಲೇ ಓಡಿಸಿ. ಮಕ್ಕಳ ಶಾಲೆ ಅದೇ ಆವರಣದಲ್ಲಿರುವುದರಿಂದ ವಾಚನಾಲಯಕ್ಕೆ ರಸ್ತೆ ಕಡೆಯಿಂದ ಬೇರೆ ಗೇಟು, ನಡುವೆ ಬೇಲಿ ಇರಲೇಬೇಕು. ಇದಕ್ಕೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ತಾಯಂದಿರ ಮಾತು ಮೊದಲು ಕೇಳಿ.

ಕಾಗದಪತ್ರ ಬೇಸರದ ಕೆಲಸ, ಆದರೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಮುಗಿಯಬೇಕು. ಆ ಕಾಲದ ಶಾಲೆಗಳ ಜಾಗ ಎಷ್ಟೋ ಕಡೆ ಬಾಯಿಮಾತಿನ ದಾನ. ಪಹಣಿ ಯಾರ ಹೆಸರಲ್ಲಿದೆ, ದಾನಪತ್ರವಿದ್ದರೆ ‘ಶಾಲೆಗೆ ಮಾತ್ರ’ ಎಂಬ ಷರತ್ತಿದೆಯೇ ನೋಡಿ. ದಾನಿಗಳ ಮನೆಯವರನ್ನು ಈಗಲೇ ಜೊತೆಗೆ ಕರೆದುಕೊಳ್ಳಿ. ಶಿಕ್ಷಣ ಇಲಾಖೆಯ ಒಪ್ಪಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ), ಉಪನಿರ್ದೇಶಕರ ಮೂಲಕ ಬರವಣಿಗೆಯಲ್ಲಿ ಬರಲಿ. ಕೀಲಿ ಯಾರ ಹತ್ತಿರ, ಕರೆಂಟ್ ಬಿಲ್ ಯಾರದ್ದು, ವರ್ಷಕ್ಕೊಮ್ಮೆ ಮಾಡು ಹತ್ತುವವರು ಯಾರು ಎಂಬುದೂ ಒಪ್ಪಂದದಲ್ಲಿರಲಿ. ಇಂಟ್ಯಾಕ್ ಪಟ್ಟಿಯಲ್ಲಿ ಹೆಸರು ಸೇರಿದರೆ ಗೌರವ ಬರುತ್ತದೆ, ಕಾನೂನಿನ ರಕ್ಷಣೆ ಬರುವುದಿಲ್ಲ. ಅದಕ್ಕೆ 1961ರ ರಾಜ್ಯ ಕಾಯ್ದೆಯಡಿ ಸಂರಕ್ಷಿತ ಎಂದು ಘೋಷಣೆಯಾಗಬೇಕು. ಸರ್ಕಾರಿ ಅನುದಾನ ಸೇರಿದರೆ ಟೆಂಡರ್ ನಿಯಮಗಳು ಬರುತ್ತವೆ, ಆಗ ‘ಗೋಡೆಗೂ ತಾರಸಿಗೂ ಸುಣ್ಣದ ಗಾರೆ ಮಾತ್ರ, ಸಿಮೆಂಟ್ ಇಲ್ಲ’ ಎಂಬ ಸಾಲನ್ನು ಟೆಂಡರಿನಲ್ಲೇ ಬರೆಸಿ.

ನಿಮ್ಮ 12 ಲಕ್ಷದಲ್ಲಿ ಇಡೀ ಕಟ್ಟಡ ಮುಗಿಯುತ್ತದೆಂದು ಆಸೆ ಹುಟ್ಟಿಸಲಾರೆ. ಇಂಜಿನಿಯರ್ ಫೀಸು, ಚರಂಡಿ, ಊರೆಗಳು, ಎರಡೂ ಪಕ್ಕದ ಹೆಂಚು, ತಾರಸಿ ಸೋರದಂತೆ ಮಾಡುವುದು, ಈ ಕ್ರಮದಲ್ಲಿ ಖರ್ಚು ಮಾಡಿ. ಉಳಿದದ್ದರಲ್ಲಿ ಒಂದೇ ಒಂದು ಕೊಠಡಿಯನ್ನು ಪೂರ್ತಿ ಮಾಡಿ ವಾಚನಾಲಯ ತೆರೆಯಿರಿ. ತಲೆಯ ಮೇಲೆ ಒಣ ಮಾಡು ಇದ್ದರೆ ಮಿಕ್ಕ ಕೊಠಡಿಗಳು ಐದು ವರ್ಷ ಕಾಯಬಲ್ಲವು. ಸಂಜೆ ದೀಪ ಉರಿಯುವ ಒಂದು ಕೋಣೆ ಕಂಡ ಮೇಲೆ ಎರಡನೆಯದಕ್ಕೆ ಹಣ ಕೊಡುವವರು ಮುಂದೆ ಬರುವುದನ್ನು ನಾನು ನೋಡಿದ್ದೇನೆ.

ಕೊನೆಗೆ ಆ ದಾನಿಗಳ ಕಲ್ಲು. ಆಸಿಡ್, ತಂತಿ ಬ್ರಷ್, ಮರಳು ಕಾಗದ ಯಾವುದನ್ನೂ ಹತ್ತಿರ ಸೇರಿಸಬೇಡಿ. ಮೇಲಿನ ಪದರಗಳು ಸುಣ್ಣದ್ದಾದರೆ ಒದ್ದೆ ಬಟ್ಟೆ ಹೊದಿಸಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಬಿದಿರಿನ ಚಕ್ಕೆಯಿಂದ, ತೆಂಗಿನ ನಾರಿನಿಂದ ಮೆಲ್ಲಗೆ ಬಿಡಿಸಿ. ಎನಾಮಲ್ ಆಗಿದ್ದರೆ ಬಣ್ಣ ಬಿಡಿಸುವ ಲೇಪವನ್ನು ಮೊದಲು ಒಂದು ಮೂಲೆಯಲ್ಲಿ ಅಂಗೈಯಗಲ ಹಚ್ಚಿ ನೋಡಿ, ಕಲ್ಲಿಗೆ ಏನೂ ಆಗದಿದ್ದರೆ ಮುಂದುವರಿಸಿ. ಅಕ್ಷರ ಕಂಡ ಮೇಲೆ ಚಿನ್ನದ ಬಣ್ಣ ತುಂಬಲು ಹೋಗಬೇಡಿ. ಬೆಳಿಗ್ಗೆ ಎಂಟರ ಓರೆ ಬಿಸಿಲಿನಲ್ಲಿ ಒಂದು ಫೋಟೋ ತೆಗೆಯಿರಿ, ಸವೆದ ಕೆತ್ತನೆಯೂ ಆಗ ಓದಲು ಬರುತ್ತದೆ. ಆ ಹೆಸರುಗಳನ್ನು ಒಂದು ಕಾಗದದಲ್ಲಿ ಬರೆದು ನನಗೂ ಕಳಿಸಿಕೊಡಿ, ಮೇಷ್ಟ್ರೇ.